ಒಂಬತ್ತನೆಯ ಸೂಜಿ

ಸೂಜಿಗಳನ್ನು ಎಣಿಸದೆ ನಾನು ಯಾರನ್ನೂ ಮನೆಗೆ ಕಳಿಸಿದವಳಲ್ಲ. ಹಾಕುವಾಗ ಎಣಿಸುತ್ತೇನೆ, ತೆಗೆಯುವಾಗ ಎಣಿಸುತ್ತೇನೆ, ಮಲಗಿದ್ದವರು ಎದ್ದು ಹೋದ ಮೇಲೆ ಟ್ರೇಯಲ್ಲಿ ಉಳಿದ ಪ್ಲಾಸ್ಟಿಕ್ ನಳಿಗೆಗಳನ್ನೂ ಎಣಿಸುತ್ತೇನೆ. ಒಂದೊಂದು ಸೂಜಿ ಒಂದೊಂದು ನಳಿಗೆಯೊಳಗೆ ಬರುತ್ತದೆ. ನಳಿಗೆಯನ್ನು ಚರ್ಮದ ಮೇಲೆ ನಿಲ್ಲಿಸಿ ಬೆರಳಿನಿಂದ ಮೇಲೆ ಒಮ್ಮೆ ತಟ್ಟಿದರೆ ಸೂಜಿ ಒಳಗಿಳಿಯುತ್ತದೆ, ನಳಿಗೆ ಕೈಯಲ್ಲಿ ಉಳಿಯುತ್ತದೆ. ನಳಿಗೆ ಎಷ್ಟೋ ಸೂಜಿ ಅಷ್ಟು. ಇದರಲ್ಲಿ ತಪ್ಪುವುದಕ್ಕೆ ಜಾಗವೇ ಇಲ್ಲ ಎಂದು ನಾನು ನಂಬಿದ್ದೆ.

ಆ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಟ್ರೇಯಲ್ಲಿ ಒಂಬತ್ತು ನಳಿಗೆಗಳಿದ್ದವು. ತೆಗೆದ ಸೂಜಿಗಳನ್ನು ಹಾಕುವ ಆ ದಿನದ ಡಬ್ಬಿಯಲ್ಲಿ ಸೂಜಿಗಳು ಎಂಟು.

ಸದಲಗಾದ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ನನ್ನ ಫಿಸಿಯೋಥೆರಪಿ ನಡೆಯುತ್ತದೆ. ನೋವಿನ ಗಂಟಿಗೆ ನೇರವಾಗಿ ಸೂಜಿ ಇಳಿಸಿ ಸ್ನಾಯುವನ್ನು ಸಡಿಲಿಸುವ ಈ ಚಿಕಿತ್ಸೆಯನ್ನು ನಾನು ಕಲಿತು ಬಂದು ಆಗ ನಾಲ್ಕು ತಿಂಗಳಷ್ಟೇ ಆಗಿತ್ತು. ಅಂದು ಬೆಳಿಗ್ಗೆಯಿಂದ ಸೂಜಿ ಹಾಕಿಸಿಕೊಂಡವರು ಒಬ್ಬರೇ, ಏಕಸಂಬಿಯ ಸೋನಾಬಾಯಿ. ಸೊಸೆ ಬ್ರಾಹ್ಮಿ ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕರೆತಂದಿದ್ದಳು. ನಲವತ್ತು ವರ್ಷ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದ ಬಲ ಭುಜ ಕಲ್ಲಾಗಿತ್ತು. ಎಂಟು ತಿಂಗಳಿಂದ ಅವರು ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಹಾಸಿಗೆಯ ಮೇಲೆ ಕೂತವರೇ ನನ್ನ ಸಾಮಾನುಗಳನ್ನೆಲ್ಲ ಒಂದು ಸುತ್ತು ನೋಡಿದರು. ಅವರ ಕಡೆಯಿಂದ ನೋಡಿದರೆ ನಾನೂ ಸೂಜಿಯ ಕಸುಬಿನವಳು.

"ಇದರಾಗ ಔಷಧ ಎಲ್ಲೈತಿ?" ಎಂದು ಕೇಳಿದರು.

"ಔಷಧ ಇಲ್ರಿ ಕಾಕೂ. ಖಾಲಿ ಸೂಜಿ."

"ದಾರಾ ಇಲ್ಲ, ಔಷಧಾ ಇಲ್ಲ. ಖಾಲಿ ಸೂಜಿ ಚುಚ್ಚಿ ಏನ್ ಹೊಲೀತಿ? ತಾ ಇಲ್ಲೆ, ಕಣ್ಣರ ಐತೇನ ನೋಡೂಣು."

ಒಡೆಯದ ಒಂದು ಪೊಟ್ಟಣವನ್ನು ಅವರ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಕಣ್ಣೂ ಇಲ್ಲ! ಬ್ರಾಹ್ಮೀ, ಕುರುಡ ಸೂಜಿ ನೋಡ ಬಾ."

"ನಿಮಗೂ ಕಾಣೂದಿಲ್ಲ, ಅದಕ್ಕೂ ಕಣ್ಣಿಲ್ಲ," ಅಂದಳು ಬ್ರಾಹ್ಮಿ. "ಜೋಡಿ ಚಲೋ ಕೂಡ್ತ ಬಿಡ್ರಿ ಅತ್ತಿ."

ಪೊಟ್ಟಣವನ್ನು ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಸೋನಾಬಾಯಿ ಅದನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು. "ಸೂಜಿ ಕೈಯಾಗ ಕೊಡಬಾರದವ್ವಾ, ಜಗಳ ಆಗತೈತಿ. ಸಾಲ್ಯಾಗ ಇದನ್ನ ಕಲಸಲಿಲ್ಲೇನ ನಿನಗ?"

ಅವರ ಸೆರಗಿನ ಅಂಚಿನಲ್ಲಿ ಕೆಂಪು ದಾರದ ತುಂಡು ನೇತಾಡುವ ಒಂದು ಕೌದಿ ಸೂಜಿ ಇತ್ತು. ಮಲಗುವ ಮೊದಲು ಅದನ್ನು ತೆಗೆದಿಡಲು ಹೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದ ಕಿಟಕಿಯ ಪರದೆಗೆ ಚುಚ್ಚಿಟ್ಟರು. ಎಡ ಮಗ್ಗುಲಿಗೆ ಮಲಗಿದ ಮೇಲೂ ಅವರ ಎಡಗೈ ಸೆರಗಿನ ಆ ಬರಿದಾದ ಜಾಗವನ್ನು ಎರಡು ಸಲ ತಡವಿತು.

ಕುತ್ತಿಗೆಯ ಬುಡದಲ್ಲಿ ಎರಡು, ಹೆಗಲೆಲುಬಿನ ಹಿಂದೆ ನಾಲ್ಕು, ತೋಳಿನ ಮೇಲ್ಭಾಗದಲ್ಲಿ ಮೂರು. ಹೆಗಲ ಮೇಲೆ ಸೂಜಿ ಹಾಕುವಾಗ ಸ್ನಾಯುವನ್ನು ಎರಡು ಬೆರಳುಗಳಲ್ಲಿ ಮೇಲಕ್ಕೆತ್ತಿ ಹಿಡಿಯಬೇಕು, ಏಕೆಂದರೆ ಅದರ ಕೆಳಗೆ ಶ್ವಾಸಕೋಶ ಇದೆ. ಐದನೆಯ ಸೂಜಿಗೆ ಒಳಗಿನ ಗಂಟು ಸಿಕ್ಕಿತು. ನೀರಿನಡಿ ಮೀನು ಮಗ್ಗುಲು ಬದಲಿಸಿದಂತೆ ಸ್ನಾಯು ಒಮ್ಮೆ ಜಿಗಿದು ಸುಮ್ಮನಾಯಿತು.

"ಅಯ್ಯ! ಒಳಗಿಂದ ಯಾರೋ ಬಾಗಲಾ ಬಡದಂಗಾತು."

"ಅದs ಬೇಕಾಗಿತ್ರಿ ಕಾಕೂ. ಈಗ ಬಾಗಲಾ ತೆರೀತೈತಿ. ಹದಿನೈದು ನಿಮಿಷ ಸುಮ್ಮನ ಮಲಗ್ರಿ."

ಬ್ರಾಹ್ಮಿ ಸಂತೆಗೆ ಹೋದಳು. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು, ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಸೋನಾಬಾಯಿಯ ಉಸಿರಿನೊಂದಿಗೆ ಒಂಬತ್ತು ಸೂಜಿಗಳೂ ಏರಿ ಇಳಿಯುತ್ತಿದ್ದವು, ಗಾಳಿಗೆ ತೆನೆ ತೂಗುವಂತೆ. ನೋವಿದ್ದವರು ಹೀಗೆ ಮಲಗಿರುವಾಗ ಮಾತಾಡುವುದಿಲ್ಲ. ಇವರು ಮಾತಾಡತೊಡಗಿದರು. ಕಣ್ಣು ಮುಚ್ಚಿತ್ತು, ದನಿ ಎಲ್ಲೋ ದೂರದ ಅಂಗಳದಿಂದ ಬರುತ್ತಿತ್ತು.

"ನೀರಿನ ಸಪ್ಪಳ ಕೇಳಾಕತ್ತೈತಿ. ನಮ್ಮ ತವರಮನಿ ಹೊಳೀ ದಂಡಿ ಮ್ಯಾಲ. ಹಳೀ ಸೀರಿ ಎಲ್ಲಾ ಕಟಗೊಂಡು, ಅವ್ವಾ ನಾನೂ ದೂಧಗಂಗಾಕ್ಕ ಹೋಗಾಕಿ. ಒಗದು ಉಸುಕಿನ ಮ್ಯಾಲ ಹಾಸಾಕಿ. ಹಾಸಿದ್ರ ಹೊಳಿ ದಂಡಿಗುಂಟ ಇನ್ನೊಂದು ಹೊಳಿ ಹರದಂಗ. ಕೆಂಪಂದು, ಹಳದಿದು..."

"ಹೂಂ," ಅಂದೆ.

"ಒಂದು ಹಸರ ಸೀರಿ ಇತ್ತು, ನಮ್ಮ ಮುದುಕಿ ಆಯೀದು. ಅದು ಕೈಜಾರಿ ನೀರಿನಾಗ ಹೋತು. ನಾ ದಂಡಿಗುಂಟ ಬೆನ್ನ ಹತ್ತೀನಿ. ಅದು ನಿಂದರತೈತಿ, ನಾ ಮುಟ್ಟೂದರಾಗ ಹೋಗತೈತಿ. ನಿಂದರತೈತಿ, ಹೋಗತೈತಿ. ಅವ್ವ ಹಿಂದಿಂದ ಕರಿಯಾಕತ್ತಾಳ..."

ನನ್ನ ಕಿಟಕಿಯ ಪರದೆ ಹಸಿರು. ಬಿಸಿಲು ಅದರೊಳಗಿಂದ ಹಾದು ಬಿಳಿಗೋಡೆಯ ಮೇಲೆ ಅಲುಗಾಡುತ್ತಿತ್ತು. ಹದಿನೈದು ನಿಮಿಷ ಆಗಿತ್ತು. ನಾನು ಎದ್ದು ಒಂದೊಂದೇ ಸೂಜಿಯನ್ನು ತೆಗೆದು ಡಬ್ಬಿಗೆ ಹಾಕುತ್ತಿದ್ದೆ, ಕಿವಿ ಮಾತ್ರ ಹೊಳೆಯ ದಂಡೆಯಲ್ಲಿತ್ತು. ಹತ್ತಿಯ ತುಂಡಿಗಾಗಿ ಒಮ್ಮೆ ಹಿಂದೆ ತಿರುಗಿದೆ.

"ಸೀರಿ ಸಿಕ್ಕಿತೇನ್ರಿ?" ಎಂದು ಕೇಳಿಯೂಬಿಟ್ಟೆ.

"ಹಿಡದೆ," ಅಂದರು ಸೋನಾಬಾಯಿ.

ಮರಳಿ ನೋಡಿದಾಗ ಅವರ ಎಡಗೈಯ ಹೆಬ್ಬೆರಳು ತೋರುಬೆರಳು ಸೆರಗಿನ ಅಂಚನ್ನು ಹಿಡಿದುಕೊಂಡಿದ್ದವು. ನಿದ್ದೆಗಣ್ಣಿನ ನಗು ಮುಖದಲ್ಲಿತ್ತು. ಸೀರೆಯ ತುದಿ ಕೈಗೆ ಸಿಕ್ಕಿತಲ್ಲ ಎಂದು ನನಗೂ ಸಮಾಧಾನವಾಯಿತು. ಎಷ್ಟು ಎಣಿಸಿದ್ದೆನೋ ಅದು ತಲೆಯಿಂದ ಹೋಗಿತ್ತು. ಬೆನ್ನ ಮೇಲೆ ಕಣ್ಣಾಡಿಸಿದೆ, ಬರಿದಾಗಿ ಕಂಡಿತು. ಅಷ್ಟರಲ್ಲಿ ಬ್ರಾಹ್ಮಿ ಬಂದಳು. ಅವರು ಪರದೆಯಿಂದ ತಮ್ಮ ಸೂಜಿಯನ್ನು ತೆಗೆದುಕೊಂಡು, ತೂಕಡಿಸುತ್ತಲೇ ಸ್ಕೂಟಿ ಹತ್ತಿ ಹೋದರು.

ಈಗ ಒಂದು ಗಂಟೆಗೆ ಮೊಬೈಲಿನ ಟಾರ್ಚ್ ಹಿಡಿದು ನೆಲದ ಮೇಲೆ ಮೊಣಕಾಲೂರಿದ್ದೆ. ಹಾಸಿಗೆಯ ಬಟ್ಟೆ ಕೊಡವಿದೆ. ದಿಂಬಿನ ಚೀಲ ತಿರುವಿದೆ. ಡಬ್ಬಿಯ ಪಾರದರ್ಶಕ ಗೋಡೆಯ ಹೊರಗಿನಿಂದ ಮೂರು ಸಲ ಎಣಿಸಿದೆ. ಮಂಡಿನೋವಿಗೆಂದು ಬಂದು ಬಾಗಿಲಲ್ಲಿ ಕೂತಿದ್ದ ಸಂಭಾಜಿ ಇಣುಕಿ ನೋಡಿದರು.

"ಏನ್ ಕಳಕೊಂಡ್ರಿ ಮ್ಯಾಡಮ್? ಮೂಗಬಟ್ಟೇನ?"

"ಒಂದು ಸಣ್ಣ ಸಾಮಾನ್ರಿ," ಅಂದೆ.

ಸುಳ್ಳಲ್ಲ. ನಾಲ್ಕು ಸೆಂಟಿಮೀಟರು, ಕೂದಲಿಗಿಂತ ಸ್ವಲ್ಪ ದಪ್ಪ. ಅದು ನೆಲದಲ್ಲಿಲ್ಲ ಎಂದಮೇಲೆ ಸೋನಾಬಾಯಿಯ ಬೆನ್ನಲ್ಲಿರಬೇಕು. ತೋಳಿನಲ್ಲಿದ್ದರೆ ಚಿಂತೆಯಿಲ್ಲ. ಹೆಗಲೆಲುಬಿನ ಅಂಚಿನಲ್ಲಿ, ಕುಪ್ಪಸದ ಮಡಿಕೆಯಲ್ಲಿ ಮುಚ್ಚಿಹೋಗಿ ಉಳಿದಿದ್ದರೆ? ಅವರು ಅಂಗಾತ ಹೊರಳಿದರೆ ಅವರ ತೂಕವೇ ಅದನ್ನು ಒಳಗೆ ಒತ್ತುತ್ತದೆ. ಪಕ್ಕೆಲುಬುಗಳ ನಡುವೆ ದಾರಿ ಇದೆ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು.

ಫೋನ್ ಮಾಡಿದೆ. ಬ್ರಾಹ್ಮಿ ಎತ್ತಿದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ, "ಬಾಯಾರ, ನಿಮಗ ನೂರ ವರ್ಷ ಆಯುಷ್ಯ! ನಿಮ್ಮ ಹೆಸರs ತಗದಿದ್ವಿ. ಬಂದಾಕೀನ ಮಲ್ಕೊಂಡಾರ ನಮ್ಮತ್ತಿ. ಗೊರಕಿ ಕೇಳಸ್ತೀನಿ, ತಡೀರಿ," ಎಂದು ಫೋನನ್ನು ಒಳಗೆ ಒಯ್ದಳು. ನಿಧಾನವಾದ ಉಸಿರಿನ ಸದ್ದು ಕೇಳಿಸಿತು. ಬಾವಿಯಿಂದ ಹಗ್ಗ ಎಳೆಯುವಂತಹ ಸದ್ದು.

"ಯಾವ ಮಗ್ಗಲಾಗಿ ಮಲಗ್ಯಾರು?"

"ಎಡಕ್ಕ. ಯಾಕ್ರಿ?"

ಯಾಕೆಂದು ಹೇಳಬೇಕಿತ್ತು. ಅದನ್ನು ಹೇಗೆ ಜೋಡಿಸಿದರೂ ಅವಳು ಕಿರುಚುತ್ತಾಳೆ, ಮುದುಕಿ ಬೆಚ್ಚಿ ಹೊರಳುತ್ತಾರೆ ಎನ್ನಿಸಿತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. "ಹಂಗs ಇರಲಿ. ಅಂಗಾತ ಆಗೂದು ಬ್ಯಾಡ. ಬೆನ್ನಿಗೆ ದಿಂಬ ಕೊಡ್ರಿ. ನಾನs ಬಂದ್ ನೋಡ್ತೀನಿ," ಎಂದೆ.

ಬಸ್ಸು ಕಬ್ಬಿನ ಗಾಡಿಗಳ ಹಿಂದೆ ತೆವಳಿತು. ಬೆಲ್ಲದ ವಾಸನೆಯ ಗಾಳಿ ಕಿಟಕಿಯಿಂದ ಬಂದು ಮುಖಕ್ಕೆ ಅಂಟುತ್ತಿತ್ತು. ಕಬ್ಬಿನ ಬಿಳಿ ಹೂಗೊಂಚಲುಗಳು, ಸೂಲಂಗಿಗಳು, ಎರಡೂ ಕಡೆ ತಲೆದೂಗುತ್ತಿದ್ದವು. ಅವುಗಳನ್ನೂ ನಾನು ಎಣಿಸುತ್ತಿದ್ದೆ. ಒಂಬತ್ತಕ್ಕೆ ಬಂದಾಗಲೆಲ್ಲ ಬಸ್ಸು ಒಂದು ತಿರುವು ತಿರುಗಿ ಲೆಕ್ಕ ತಪ್ಪುತ್ತಿತ್ತು.

ಸೋನಾಬಾಯಿಯ ಗಂಡ ಜಿನ್ನಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು.

"ಬರ್ರಿ, ಬರ್ರಿ ಬಾಯಾರ. ನಲವತ್ತ ವರ್ಷ ನಾನೂ ಆಕಿಗೆ ಮಾತಿನಾಗ ಸೂಜಿ ಚುಚ್ಚೀನಿ. ಒಂದಿನಾನೂ ಆಕಿ ಹಿಂಗ ಮಲಗಲಿಲ್ಲ ನೋಡ್ರಿ."

"ಕಾಕಾ, ಸ್ವಲ್ಪ ಎಬ್ಬಸಬೇಕಾಗಿತ್ತು. ಭುಜಾ ನೋಡತೀನಿ."

"ಎಬ್ಬಸೂದಾ?" ಅವರ ಮುಖ ಬದಲಾಯಿತು. "ಎಂಟ ತಿಂಗಳ ಆಕಿ ಗ್ವಾಡಿಗೆ ಆನಿಕೊಂಡ ಕುಂತ ರಾತ್ರಿ ಕಳದಾಳ. ನಾ ಒಳಗ ಮಲಗಿ ಆಕಿ ಬಳಿ ಸಪ್ಪಳ ಕೇಳೀನಿ. ಇವತ್ತ ಬಳಿ ಸಪ್ಪಳ ಇಲ್ಲ. ನೀವ ಕೊಟ್ಟ ನಿದ್ದಿ ನೀವs ಕಸಗೋತೀರೇನ್ರಿ? ಹೊತ್ತ ಮುಳಗೂದರಾಗ ಊಟಕ್ಕ ಆಕೀನs ಏಳತಾಳ. ಕತ್ತಲಾದ ಮ್ಯಾಲ ನಮ್ಮಲ್ಲಿ ಯಾರೂ ಉಣ್ಣೂದಿಲ್ಲ. ಅಲ್ಲೀತನಾ ಕುಂದರ್ರಿ. ಚಾ ಕುಡೀರಿ."

ಆಗಲೇ ಹೇಳಬೇಕಿತ್ತು. ನಾನು, "ಬಾಜೂಕ ಕುಂದರತೀನಿ," ಎಂದೆ.

ನಡುಮನೆಯಲ್ಲಿ ನೆಲದ ಹಾಸಿಗೆಯ ಮೇಲೆ ಸೋನಾಬಾಯಿ ಎಡಕ್ಕೆ ಮುದುರಿ ಮಲಗಿದ್ದರು. ಕುತ್ತಿಗೆಯವರೆಗೆ ಕೌದಿ. ಬೆನ್ನಿಗೆ ಬ್ರಾಹ್ಮಿ ದಿಂಬು ಇಟ್ಟಿದ್ದಳು. ಕೌದಿಯನ್ನು ಮೆಲ್ಲಗೆ ಸರಿಸಿ ಬೆನ್ನಿನ ಮೇಲೆ ಅಂಗೈ ಆಡಿಸಿದೆ. ಏನೂ ತಾಗಲಿಲ್ಲ. ಆದರೆ ಕುಪ್ಪಸದ ಒಳಗೆ, ಹೆಗಲೆಲುಬಿನ ಸಂದಿಯಲ್ಲಿ, ಹಿಡಿಕೆಯವರೆಗೆ ಇಳಿದುಹೋಗಿದ್ದರೆ ಅಂಗೈಗೆ ತಾಗುವುದಿಲ್ಲ. ಗಟ್ಟಿಯಾಗಿ ಒತ್ತಿ ನೋಡುವ ಧೈರ್ಯ ಇರಲಿಲ್ಲ. ಅವರು ನರಳಿದರು. ನಾನು ಕೈ ತೆಗೆದೆ.

ಬ್ರಾಹ್ಮಿ ಚಹಾ ತಂದು ಕೌದಿಯ ಅಂಚನ್ನು ಸವರಿದಳು. "ಇದು ಅವರ ತವರಮನಿ ಸೀರಿಗೋಳದ್ರಿ. ಮೂರು ಮೂಲಿ ಮುಚ್ಚ್ಯಾರು. ನಾಕನೇದು ಉಳದೈತಿ. ಅಲ್ಲಿಗೆ ಬಂದಾಗ ಕೈ ನಿಂತಿತು. ನಾ ಹೊಲೀತೀನಿ ಅಂದ್ರ ಕೊಡೂದಿಲ್ಲ. ಶುರು ಮಾಡಿದಾಕೀನs ಮುಚ್ಚಬೇಕಂತ. ಕಡೀ ಮೂಲ್ಯಾಗ ಒಂದ ಚೂರು ಹೋಳಗಿ ಇಟ್ಟ ಹೊಲೀತಾರು. ಹಸದ ಕೌದಿ ಬೆಚ್ಚಗ ಇರೂದಿಲ್ಲಂತ."

"ಎಲ್ಲೈತಿ ಆ ಮೂಲಿ?"

"ಮುಷ್ಟ್ಯಾಗ ಹಿಡಕೊಂಡಾರ ನೋಡ್ರಿ, ಯಾರರ ಕಸಗೊಂಡಾರು ಅನ್ನೂವರಂಗ."

ಅವಳು ಒಳಗೆ ಹೋದಳು. ನಾನು ಕಾವಲು ಕೂತೆ. ಚೌಕಟ್ಟಿನ ಬಿಸಿಲು ಹೊಸ್ತಿಲಿನಿಂದ ಒಂದು ಗೇಣು ಒಳಗೆ ಬಂತು. ಕೌದಿಯಲ್ಲಿ ಎಷ್ಟು ಸೀರೆಗಳಿದ್ದವೋ ಅಷ್ಟು ಹೆಂಗಸರು ಅಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗಿದಂತಿತ್ತು. ನಡುವೆ ಒಂದು ಹಸಿರು ಪಟ್ಟಿ. ಹೊಳೆಯಲ್ಲಿ ಹೋದದ್ದೇ ಇರಬೇಕು, ಹಾಗಾದರೆ ಅವರು ನಿಜವಾಗಿಯೂ ಹಿಡಿದಿದ್ದರು. ಉಸಿರಿಗೆ ಹಸಿರು ಪಟ್ಟಿ ಏರಿತು, ಇಳಿಯಿತು. ಅದು ನೀರಾಯಿತು. ನೀರಿನೊಳಗೆ ನನ್ನ ಸೂಜಿ ಸಣ್ಣ ಬೆಳ್ಳಿಯ ಮೀನಾಗಿ ಪಕ್ಕೆಲುಬುಗಳ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಹಿಂದಿನಿಂದ ಎಳೆದುಕೊಳ್ಳೋಣವೆಂದರೆ ದಾರವಿಲ್ಲ, ದಾರ ಪೋಣಿಸಲು ಕಣ್ಣಿಲ್ಲ. ನಾನು ದಂಡೆಗುಂಟ ಓಡುತ್ತಿದ್ದೆ. ಅದು ನಿಲ್ಲುತ್ತಿತ್ತು. ನಾನು ಮುಟ್ಟುವಷ್ಟರಲ್ಲಿ ಹೋಗುತ್ತಿತ್ತು. ಹಿಂದಿನಿಂದ ಯಾರೋ ನನ್ನ ಹೆಸರು ಕರೆಯುತ್ತಿದ್ದರು, ನೀಲಮಾ, ನೀಲಮಾ ಎಂದು. ತಿರುಗಿದರೆ ಸೂಜಿ ತಪ್ಪುತ್ತದೆ, ತಿರುಗದಿದ್ದರೆ...

ದಿಂಬು ನೆಲಕ್ಕೆ ಜಾರಿದ ಸದ್ದಿಗೆ ಕಣ್ಣು ಬಿಟ್ಟೆ. ಹೊಸ್ತಿಲ ಬಿಸಿಲು ಗೋಡೆಗೆ ಏರಿ ಕೆಂಪಾಗಿತ್ತು. ಸೋನಾಬಾಯಿ ನಿದ್ದೆಯಲ್ಲೇ ಅಂಗಾತ ಹೊರಳುತ್ತಿದ್ದರು.

ನಾನು ಮುನ್ನುಗ್ಗಿ ಎರಡೂ ಕೈಗಳನ್ನು ಅವರ ಬೆನ್ನ ಕೆಳಗೆ ತೂರಿಸಿದೆ.

"ಹೊರಳಬ್ಯಾಡ್ರಿ! ಸೂಜಿ ಐತಿ! ಕಾಕೂ, ನಾ ನಿಮ್ಮ ಬೆನ್ನಾಗ ಒಂದು ಸೂಜಿ ಬಿಟ್ಟೀನಿ!"

ಮನೆಯೆಲ್ಲ ಕೇಳುವಂತೆ ಕೂಗಿದ್ದೆ. ಒಳಗಿನಿಂದ ಬ್ರಾಹ್ಮಿ, ಹೊರಗಿನಿಂದ ಜಿನ್ನಪ್ಪ ಒಟ್ಟಿಗೆ ಬಂದರು. ಇನ್ನು ಮಾತು ಆರಿಸಲು ಏನೂ ಉಳಿದಿರಲಿಲ್ಲ. "ಒಂಬತ್ತು ಹಾಕಿದ್ದೆ. ಎಂಟು ತಗದೀನಿ. ಮಧ್ಯಾಹ್ನ ಗೊತ್ತಾತು," ಎಂದೆ.

ಜಿನ್ನಪ್ಪ ಬಾಗಿಲಲ್ಲೇ ನಿಂತರು. "ಮಧ್ಯಾಹ್ನ ಗೊತ್ತಾತು. ಮೂರ ತಾಸ ಆತು ನೀವ ಬಂದು. ನನ್ನ ಮುಂದ ಚಾ ಕುಡದ್ರಿ."

"ಹೌದ್ರಿ."

"ನಾ ಎಬ್ಬಸಬ್ಯಾಡ್ರಿ ಅಂದೆ. ಇದನ್ನ ಹೇಳಿದ್ರ ಅಂತಿದ್ನೇನ್ರಿ? ಸೂಜಿ ಮರತದ್ದಕ್ಕ ನನಗ ಸಿಟ್ಟಿಲ್ಲ ಬಾಯಾರ. ಸುಮ್ಮನ ಕುಂತದ್ದಕ್ಕ ಐತಿ."

ಅವರು ಹೊರಗೆ ಹೋಗಿ ಬಾಗಿಲನ್ನು ಎಳೆದುಕೊಂಡರು. ನಾನು, ಬ್ರಾಹ್ಮಿ ಸೇರಿ ಸೋನಾಬಾಯಿಯನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ಕುಪ್ಪಸ ಸಡಿಲಿಸಿ ನೋಡಿದೆವು. ಕುತ್ತಿಗೆಯ ಬುಡ. ಹೆಗಲೆಲುಬಿನ ಅಂಚು. ಬೆರಳ ತುದಿಯಿಂದ ಅಂಗುಲ ಅಂಗುಲವಾಗಿ ಹುಡುಕಿದೆ. ಆಳವಾಗಿ ಉಸಿರೆಳೆಯಲು ಹೇಳಿ ಕಿವಿಗೊಟ್ಟೆ. ಉಸಿರು ಎರಡೂ ಕಡೆ ಸಮನಾಗಿ ಓಡಾಡುತ್ತಿತ್ತು. ಒಂಬತ್ತು ಕೆಂಪು ಚುಕ್ಕೆಗಳಿದ್ದವು. ತೋಳಿನ ಮುಂಭಾಗದ ಒಂದು ಚುಕ್ಕೆಯಲ್ಲಿ ಮಾತ್ರ ಸಾಸಿವೆಯಷ್ಟು ರಕ್ತ ಒಣಗಿತ್ತು. ಸೂಜಿ ಎಲ್ಲೂ ಇರಲಿಲ್ಲ.

ಸೋನಾಬಾಯಿ ಇಷ್ಟು ಹೊತ್ತಿಗೆ ಪೂರ್ತಿ ಎಚ್ಚರಾಗಿದ್ದರು. "ಏನ್ ಹುಡಕಾಕತ್ತೀರಿ ಇಬ್ಬರೂ? ಹೇನಾ?"

"ಸೂಜಿ, ಅತ್ತಿ. ಬಾಯಾರದು ಒಂದು ಸೂಜಿ ಕಳದೈತಿ."

"ಯಾವುದು, ಕುರುಡಂದೇನ?" ಎನ್ನುತ್ತ ಅವರು ಮುಷ್ಟಿ ಬಿಚ್ಚಿದರು.

ಕೌದಿಯ ತೆರೆದ ಮೂಲೆಯಲ್ಲಿ ಮೂರು ಕೌದಿ ಸೂಜಿಗಳು ಸಾಲಾಗಿ ಚುಚ್ಚಿದ್ದವು. ಅವುಗಳ ಪಕ್ಕದಲ್ಲಿ, ಅಷ್ಟೇ ನೆಟ್ಟಗೆ, ತುದಿಯನ್ನು ಬಟ್ಟೆಯ ಎರಡು ಪದರಗಳ ನಡುವೆ ಜೋಪಾನವಾಗಿ ಮುಚ್ಚಿ ಇಟ್ಟ ನನ್ನ ಸೂಜಿ.

"ನಿದ್ದಿಗಣ್ಣಾಗ ತೋಳಿಗೆ ಏನೋ ತಾಗಿತು," ಅಂದರು ಸೋನಾಬಾಯಿ. "ನಂದs ಸೂಜಿ, ಎಲ್ಲೆರ ಬಿದ್ದ ಯಾರದರ ಕಾಲಿಗೆ ನೆಟ್ಟೀತು ಅಂತ ತಗದು ಸೆರಗಿಗೆ ಸಿಗಿಸಿದ್ನಿ. ನಲವತ್ತ ವರ್ಷದ ಚಟಾ, ಏನ್ ಮಾಡ್ಲಿ? ಮನಿಗೆ ಬಂದ ಮ್ಯಾಲ ಕೈ ಹಗರ ಅನಸ್ತು. ಮೂಲಿ ಮುಚ್ಚೂಣು ಅಂತ ದಾರಾ ತಗೊಂಡು ಪೋಣಸತೀನಿ, ಪೋಣಸತೀನಿ, ಹೋಗವಲ್ಲದು! ಕಣ್ಣ ಇದ್ರ ಹೋಗತಿತ್ತು. ಅಷ್ಟರಾಗ ನಿದ್ದಿ ಬಂತು."

ಬ್ರಾಹ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ನಗಲಾಗಲಿಲ್ಲ. ಬೆಳಿಗ್ಗೆ ಆ ಎರಡು ಬೆರಳುಗಳನ್ನು ನಾನು ನೋಡಿದ್ದೆ. ಹಸಿರು ಸೀರೆಯ ತುದಿ ಎಂದುಕೊಂಡಿದ್ದೆ.

ಹೊತ್ತು ಮುಳುಗಲು ಬಂದಿತ್ತು. ಬ್ರಾಹ್ಮಿ ಅವಸರದಿಂದ ತಾಟು ತಂದಳು. ರೊಟ್ಟಿ, ಬ್ಯಾಳಿ, ಶೇಂಗಾ ಚಟ್ನಿ, ತುದಿಗೆ ಒಂದು ಹೋಳಿಗೆ. ಜಿನ್ನಪ್ಪ ಒಳಗೆ ಬಂದು ಹೆಂಡತಿಯ ಎದುರು ಕೂತರು. ಸೋನಾಬಾಯಿ ರೊಟ್ಟಿ ಮುರಿದು, ಬಲಗೈಯನ್ನು ಬಾಯಿಯವರೆಗೆ ಎತ್ತಿದರು. ಎಡಗೈ ಆಸರೆಗೆ ಬರಲಿಲ್ಲ. ಜಿನ್ನಪ್ಪನ ತುತ್ತು ದಾರಿಯಲ್ಲೇ ನಿಂತಿತು. ನನಗೂ ಒಂದು ತಾಟು ಬಂದಿತ್ತು. ಅದನ್ನು ಯಾರು ಹೇಳಿ ತರಿಸಿದರು ಎಂದು ನಾನು ಕೇಳಲಿಲ್ಲ.

ಹೋಳಿಗೆಯಿಂದ ಉಗುರಿನಷ್ಟು ಚೂರನ್ನು ಮುರಿದು ಸೋನಾಬಾಯಿ ಬದಿಗಿಟ್ಟರು. "ನಾಳೆ ಮುಂಜಾನೆ," ಎಂದರು, ಕೌದಿಗೆ ಹೇಳುವಂತೆ.

ಕೈ ತೊಳೆದು ಬರುವಷ್ಟರಲ್ಲಿ ಬ್ರಾಹ್ಮಿ ದೇವರ ಮುಂದೆ ದೀಪ ಹಚ್ಚಿದ್ದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಚೀಲದಿಂದ ಡಬ್ಬಿ ತೆಗೆದೆ.

"ಕಾಕೂ, ಆ ಸೂಜಿ ಕೊಡ್ರಿ."

"ದೀಪ ಹಚ್ಚಿದ ಮ್ಯಾಲ ಸೂಜಿ ಕೊಡೂದಿಲ್ಲವ್ವಾ. ಮುಂಜಾನೆ ಬಾ."

"ಒಮ್ಮೆ ಚುಚ್ಚಿದ ಸೂಜಿ ಮನ್ಯಾಗ ಇಡಬಾರದ್ರಿ. ಯಾರಿಗರ ತಾಗಿದ್ರ ರೋಗ ಬರತೈತಿ. ನಾ ಇದನ್ನ ಬಿಟ್ಟ ಹೋಗೂದಿಲ್ಲ." ಇಡೀ ದಿನದಲ್ಲಿ ನಾನು ಅಳೆಯದೆ ಆಡಿದ ಎರಡನೆಯ ಮಾತು ಅದು.

ಸೋನಾಬಾಯಿ ದೀಪ ನೋಡಿದರು, ನನ್ನನ್ನು ನೋಡಿದರು. ಅತ್ತೆ ಏನು ಹೇಳುತ್ತಾರೋ ಎಂದು ಬ್ರಾಹ್ಮಿ ಕಾದಳು. ಉತ್ತರ ಬಂದದ್ದು ಕತ್ತಲು ಕವಿದ ಬಾಗಿಲ ಕಡೆಯಿಂದ, ಜಿನ್ನಪ್ಪನಿಂದ.

"ನೀ ಕೈಯಾರೆ ಕೊಡಬ್ಯಾಡ. ಆಕೀನs ತಗೊಳ್ಳಿ. ಇವತ್ತ ಬಾಯಿ ಬಿಟ್ಟ ಹೇಳಾಕ ಕಲತಾಳ, ಮತ್ತ ಬಾಯಿ ಮುಚ್ಚಸಬ್ಯಾಡ."

ಸೋನಾಬಾಯಿ ಕೌದಿಯ ಮೂಲೆಯನ್ನು ಹಾಸಿಗೆಯ ಮೇಲೆ ಬಿಡಿಸಿಟ್ಟರು. ಗೋಡೆಯ ಕಡೆ ತಿರುಗಿ ಎಡ ಮಗ್ಗುಲಿಗೆ ಮಲಗಿ ಕಣ್ಣು ಮುಚ್ಚಿದರು, ಬೆಳಿಗ್ಗೆ ನನ್ನ ಕೋಣೆಯಲ್ಲಿ ಮಲಗಿದ ಹಾಗೆಯೇ.

"ನಾ ಕೊಡಲಿಲ್ಲ, ನಾ ನೋಡಲಿಲ್ಲ. ಬೇಕಾದಾಕಿ ತಗೊಂಡ ಹೋಗಲಿ. ಖರೆ ಒಂದು ಮಾತು. ಮುಂದಿನ ಗುರುವಾರದಿಂದ ಎಣಸೂದು ನಾನು, ಚುಚ್ಚೂದು ನೀನು. ಇವತ್ತಿಂದೂ ಎಣಸು, ನನಗ ಕೇಳಂಗ."

ನಾನು ಹಾಸಿಗೆಯ ಪಕ್ಕ ಕೂತು ಡಬ್ಬಿಯನ್ನು ದೀಪದ ಬೆಳಕಿಗೆ ಹಿಡಿದು, ಒಂದರಿಂದ ಶುರು ಮಾಡಿ ಗಟ್ಟಿಯಾಗಿ ಎಣಿಸಿದೆ. ಎಂಟಕ್ಕೆ ಬಂದಾಗ ಕೌದಿಯ ಮೂಲೆಯಿಂದ ಸೂಜಿ ತೆಗೆದೆ. ಬಟ್ಟೆ ಅದನ್ನು ಒಂದು ಕ್ಷಣ ಹಿಡಿದು ಬಿಟ್ಟಿತು. ಡಬ್ಬಿಯೊಳಗೆ ಬಿದ್ದಾಗ ಸಣ್ಣ ಸದ್ದಾಯಿತು.

"ಒಂಬತ್ತು," ಅಂದೆ.

ಗೋಡೆಯ ಕಡೆ, ಬಾವಿಯಿಂದ ಹಗ್ಗ ಎಳೆಯುವಂತಹ ಆ ಉಸಿರು ಆಗಲೇ ಶುರುವಾಗಿತ್ತು.